ಪೆಟ್ಟಿಗೆಯ ಎರಡನೇ ನಿಯಮ

"ಇದು ನಡೆಯೋದಿಲ್ಲ ಮೇಡಂ."

ಶೂಟಿಂಗ್ ಪಂದ್ಯದ ತಪಾಸಣೆ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಪಿಸ್ತೂಲಿನಿಂದ ಗಾಳಿ ಸಿಲಿಂಡರನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಅದರ ಮೇಲೆ ಕೊರೆದಿದ್ದ ಸಣ್ಣ ಅಂಕಿಗಳನ್ನು ಇನ್ನೊಮ್ಮೆ ಓದಿದರು.

"ಯಾಕೆ ಸರ್? ಏನಾಯ್ತು?"

"ಸಿಲಿಂಡರಿಗೆ ಹತ್ತು ವರ್ಷ ಆಯಸ್ಸು. ನಿಮ್ಮದು ಹೋದ ತಿಂಗಳೇ ಮುಗಿದಿದೆ. ಬೇರೆ ಸಿಲಿಂಡರ್ ಹಾಕ್ಕೊಂಡು ಬನ್ನಿ, ಕಣ್ಮುಚ್ಚಿ ಪಾಸ್ ಮಾಡ್ತೀನಿ. ಇದನ್ನ ಮಾತ್ರ ಒಳಗೆ ಬಿಡೋ ಹಾಗಿಲ್ಲ."

ಬೇರೆ ಸಿಲಿಂಡರ್! ಭತೇರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೆರಡು ಜನರಿಗೆ ಒಂದೇ ಪಿಸ್ತೂಲಿರುವ ಹಳ್ಳಿಯಿಂದ ಬಂದವಳು ಅವಳು. ಬೇರೆಯದು ಅನ್ನುವ ಮಾತೇ ಅಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ.

ಗೋಡೆಯ ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು. ಅವಳ ಸರದಿ ಹನ್ನೊಂದಕ್ಕೆ.

*ಒಂದು ಗಂಟೆ... ಬರೀ ಒಂದು ಗಂಟೆ! ದೆಹಲಿಯಲ್ಲಿ ನನಗೆ ಯಾರಿದ್ದಾರೆ? ಎಲ್ಲಿಂದ ತರಲಿ?*

ಆಗ ಬೆನ್ನ ಹಿಂದಿನಿಂದ ಒಂದು ದನಿ ಕೇಳಿಸಿತು.

"ನನ್ನದು ತಗೋ."

ತಿರುಗಿ ನೋಡುವ ಅಗತ್ಯವಿರಲಿಲ್ಲ. ಹನ್ನೊಂದು ತಿಂಗಳಿಂದ ಕೇಳದಿದ್ದರೂ ಆ ದನಿ ಅವಳ ಎದೆಗೆ ಗೊತ್ತಿತ್ತು. ಎದೆ ಒಮ್ಮೆ ಹಾರಿತು, ಮರುಕ್ಷಣವೇ ಕಲ್ಲಾಯಿತು.

ಲೋಕೇಂದ್ರ! ಸ್ವಲ್ಪ ಬಡವಾಗಿದ್ದ. ಗಡ್ಡ ಬಿಟ್ಟಿದ್ದ. ಚಾಚಿದ ಅಂಗೈಯಲ್ಲಿ ಬೆಳ್ಳಿ ಬಣ್ಣದ ಸಿಲಿಂಡರ್ ಇತ್ತು.

"ಅದೇ ಕಂಪನಿಯದು. ನಿನ್ನ ಪಿಸ್ತೂಲಿಗೆ ಸರಿಯಾಗಿ ಕೂರುತ್ತೆ."

"ನಿನ್ನ ಕೈಯಿಂದಾನಾ?" ಭತೇರಿ ಹಲ್ಲು ಕಚ್ಚಿ ಕೇಳಿದಳು. "ಹೋದ ಸಲ ನೀನು ಮುಟ್ಟಿದ್ದು ಸಾಲದಾ? ಬರಿಗೈಲಿ ಊರಿಗೆ ಹೋಗ್ತೀನಿ, ನಿನ್ನ ಭಿಕ್ಷೆ ಬೇಡ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲೋಕೇಂದ್ರ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭತೇರಿಯ ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಅವಳ ಅಪ್ಪ ಬಲಜೋರ್ ಸಿಂಗ್ ಮಾತ್ರ ಯಾಕೋ ನೆಲ ನೋಡತೊಡಗಿದರು.

*

ಹುಡುಗಿಗೆ ಇಷ್ಟು ಸಿಟ್ಟು ಯಾಕೆ ಅಂತೀರಾ? ಹೇಳುತ್ತೇನೆ.

ದೆಹಲಿ ಹತ್ತಿರದ ಬಾಗ್‌ಪತ್ ಕಡೆಯ ಖೇಡಿ ಅನ್ನುವ ಹಳ್ಳಿಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಹಳೆಯ ಗಾಣದ ಕೊಟ್ಟಿಗೆಯೊಂದಿದೆ. ಫೌಜಿನಿಂದ ನಿವೃತ್ತರಾಗಿ ಬಂದ ಹವಾಲ್ದಾರ್ ಇಲಮ್‌ಚಂದ್ ಅದರ ಗೋಡೆಗೆ ಗುರಿಕಾಗದ ಹಚ್ಚಿ, ಊರಿನ ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. ಎಲ್ಲರಿಗೂ ಅವರು ಉಸ್ತಾದ್‌ಜಿ.

ಅವರ ಫೌಜಿ ಕಾಲದ ಕಬ್ಬಿಣದ ಪೆಟ್ಟಿಗೆಯೇ ಆ ಕೊಟ್ಟಿಗೆಯ ದೇವರು. ಅದರಲ್ಲಿ ಒಂದೇ ಒಂದು ಒಳ್ಳೆಯ ಪಿಸ್ತೂಲು. ಆಟ ನಿಲ್ಲಿಸಿದ ಯಾರೋ ಪುಣ್ಯಾತ್ಮರು "ಮಕ್ಕಳಿಗೆ ಆಗಲಿ" ಎಂದು ಕೊಟ್ಟುಹೋದದ್ದು. ಸೀಸದ ಗುಂಡುಗಳ ಡಬ್ಬಿಯೂ ಅದರಲ್ಲೇ. ಬೇಕಾದಷ್ಟು ತಗೋ, ಆದಾಗ ಹಾಕು. ಯಾರು ತೆಗೆದರು, ಯಾರು ಹಾಕಿದರು ಎಂದು ಯಾರೂ ಕೇಳುವಂತಿಲ್ಲ.

ಪೆಟ್ಟಿಗೆಗೆ ಎರಡೇ ನಿಯಮ. ಮೊದಲನೆಯದು: ಟ್ರಿಗರಿನ ಸ್ಕ್ರೂ ಮುಟ್ಟಿದವನು ಬಾಯಿಬಿಟ್ಟು ಹೇಳಬೇಕು. ಹೇಳದೆ ಮುಟ್ಟಿದವನು ಒಂದು ವರ್ಷ ಪೆಟ್ಟಿಗೆಯ ಕಡೆ ತಲೆಹಾಕುವಂತಿಲ್ಲ. ಎರಡನೆಯದು: ಮುಂದಿನವರಿಗೆ ಸಿಲಿಂಡರ್ ಕೊಡುವಾಗ ಗಾಳಿ ತುಂಬಿಸಿಯೇ ಕೊಡಬೇಕು. ಖಾಲಿ ಕೊಡಬಾರದು.

ಒಬ್ಬೊಬ್ಬರಿಗೆ ಅರ್ಧ ಗಂಟೆ ಪಾಳಿ. ಭತೇರಿಯ ಪಾಳಿಯ ನಂತರ ಲೋಕೇಂದ್ರನದು. ಮೂರು ಮೈಲಿ ಆಚೆಯ ನಂಗ್ಲಾದಿಂದ ಸೈಕಲ್ ತುಳಿದು ಬರುತ್ತಿದ್ದ ಹುಡುಗ ಅವಳ ಹಿಂದೆ ನಿಂತು ಕಾಯುತ್ತಿದ್ದ. "ಬೇಗ ಹೊಡಿಯೇ, ಗುಂಡಿಗೆ ಪೂಜೆ ಮಾಡ್ತಾ ಇದ್ದೀಯಾ?" ಎಂದು ಕಾಡುತ್ತಿದ್ದ. ಅವಳು ತಿರುಗಿಬಿದ್ದು "ಕಾಯೋ, ನಿನಗೇನು ಬಸ್ ತಪ್ಪಿಹೋಗುತ್ತಾ?" ಅನ್ನುತ್ತಿದ್ದಳು. ಹಾಗೆ ಆರು ವರ್ಷ ಕಳೆದವು. ಸಿಲಿಂಡರ್ ಕೈಬದಲಾಗುವಾಗ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಬೇರೆ ಕಡೆ ನೋಡುವ ಹೊತ್ತಿಗೆ ವಿಷಯ ಇಡೀ ಕೊಟ್ಟಿಗೆಗೆ ಗೊತ್ತಾಗಿತ್ತು. ಊರು ಬೇರೆ, ಗೋತ್ರ ಬೇರೆ. ಅಡ್ಡಿ ಏನೂ ಇರಲಿಲ್ಲ. ಬಾಯಿಬಿಡುವ ಧೈರ್ಯ ಒಂದೇ ಇರಲಿಲ್ಲ.

ಹೋದ ವರ್ಷದ ರಾಜ್ಯ ಪಂದ್ಯದಲ್ಲಿ ಲೋಕೇಂದ್ರ ಬೆಳಿಗ್ಗೆ ಹೊಡೆದು ಪಿಸ್ತೂಲನ್ನು ಇವಳಿಗೆ ಕೊಟ್ಟ. ಮಧ್ಯಾಹ್ನ ಇವಳ ಸರದಿ. ಅಂದು ಅವಳ ಬೆರಳು ಹೂವಿನಷ್ಟು ಹಗುರವಾಗಿತ್ತು. ಆರುನೂರಕ್ಕೆ ಐನೂರ ಎಪ್ಪತ್ತೆರಡು ಬಂತು! ಅವಳ ಜನ್ಮದಲ್ಲೇ ಬಾರದಿದ್ದ ಅಂಕ.

ಪಂದ್ಯ ಮುಗಿದ ಮೇಲೆ ಪರೀಕ್ಷೆಗೆ ಅವಳ ಪಿಸ್ತೂಲನ್ನು ಕರೆದರು. ಟ್ರಿಗರಿಗೆ ಅರ್ಧ ಕಿಲೋ ತೂಕ ನೇತುಹಾಕಿ ಎತ್ತಿದರೆ ಅದು ತಡೆಯಬೇಕು. ತಡೆಯಲಿಲ್ಲ. ಮೂರು ಸಲ ಎತ್ತಿದರು, ಮೂರು ಸಲವೂ 'ಟಕ್' ಎಂದಿತು. ಯಾರೋ ಸ್ಕ್ರೂ ಸಡಿಲಿಸಿದ್ದರು. ಭತೇರಿಯ ಹೆಸರಿನ ಮುಂದೆ ಅನರ್ಹ ಎಂದು ಬರೆದರು.

ಕೊಟ್ಟಿಗೆಗೆ ಮರಳಿದ ಮೇಲೆ ಉಸ್ತಾದ್‌ಜಿ ಎಲ್ಲರನ್ನೂ ನಿಲ್ಲಿಸಿ ಕೇಳಿದರು. "ಸ್ಕ್ರೂ ಮುಟ್ಟಿದ್ದು ಯಾರು?"

"ನಾನು," ಎಂದ ಲೋಕೇಂದ್ರ.

ಅಷ್ಟೇ. ಯಾಕೆ ಎಂದು ಕೇಳುವ ಮೊದಲೇ ಸೈಕಲ್ ಹತ್ತಿ ಹೊರಟುಹೋದ. ಆ ದಿನದಿಂದ ಭತೇರಿ ಅವನ ಹೆಸರೆತ್ತಿದವರ ಮೇಲೂ ಉರಿದುಬೀಳುತ್ತಿದ್ದಳು. ರಾತ್ರಿ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದದ್ದು ಆ ಎಪ್ಪತ್ತೆರಡಕ್ಕೋ, ಅವನಿಗೋ... ಅವಳಿಗೇ ಗೊತ್ತಿರಲಿಲ್ಲ.

*

ಈಗ ಈ ದಿನದ ಸಂಕಟಕ್ಕೆ ಬರೋಣ.

ಭತೇರಿ ಮನೆಯ ನಾಲ್ಕನೇ ಹೆಣ್ಣು. ಭತೇರಿ ಅಂದರೆ ಆ ಕಡೆ 'ಬೇಕಾದಷ್ಟಾಯಿತು' ಎಂದರ್ಥ. ಹೆಣ್ಣು ಸಾಕಪ್ಪಾ ದೇವರೇ ಎಂದು ದೊಡ್ಡಪ್ಪನೇ ಇಟ್ಟ ಹೆಸರು. ಆ ದೊಡ್ಡಪ್ಪನ ಮಾತೇ ಮನೆಯಲ್ಲಿ ಕಟ್ಟಕಡೆಯ ಮಾತು. ಅಣ್ಣನ ಮುಂದೆ ತಲೆಯೆತ್ತದ ಬಲಜೋರ್, ಸಕ್ಕರೆ ಕಾರ್ಖಾನೆಯ ಫಿಟ್ಟರ್, ಮಗಳಿಗಾಗಿ ಒಂದೇ ಒಂದು ಸಲ ಗೋಗರೆದಿದ್ದರು.

"ಇನ್ನೊಂದೇ ಪಂದ್ಯ ಅಣ್ಣಾ. ಐನೂರ ಅರವತ್ತೈದು ಬಂದರೆ ರಾಷ್ಟ್ರೀಯ ಶಿಬಿರಕ್ಕೆ ಹೋಗ್ತಾಳೆ. ಬರದಿದ್ದರೆ ನೀನು ಹೇಳಿದ ಸಂಬಂಧಕ್ಕೆ ಹೂಂ ಅಂತೀನಿ."

"ಭಾನುವಾರ ಗಂಡಿನ ಕಡೆಯವರು ಬರ್ತಾರೆ. ಅರವತ್ತನಾಲ್ಕು ಅಂತ ಬಂದು ನನ್ನ ಮುಂದೆ ನಿಲ್ಲಬೇಡ," ಎಂದಿದ್ದ ದೊಡ್ಡಪ್ಪ.

ಇವತ್ತು ಶುಕ್ರವಾರ.

ಭತೇರಿ ಹಾಲ್‌ನ ಉದ್ದಕ್ಕೂ ಓಡಾಡಿದಳು. "ಅಕ್ಕಾ, ನಿಮ್ಮ ಸಿಲಿಂಡರ್... ಅಣ್ಣಾ, ಒಂದು ನಿಮಿಷ..."

ಯಾರೂ ಇಲ್ಲ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಗುರಿಗಾರರ ಜಾತಿಯೇ ಹಾಗೆ. ಮುಖ ಪರಿಚಯವೂ ಇಲ್ಲದವರು ಪೆಟ್ಟಿಗೆ ಬಿಚ್ಚಿ ಮುಂದಿಟ್ಟರು. ಒಬ್ಬರದರ ತಿರುಪು ಕೂರಲಿಲ್ಲ, ಇನ್ನೊಬ್ಬರದು ಬೇರೆ ಕಂಪನಿಯದು. ಅದೇ ಕಂಪನಿಯದಿದ್ದ ಇಬ್ಬರಿಗೂ ಹನ್ನೊಂದಕ್ಕೇ ಸರದಿ. ಮಣಿಪುರದ ಹುಡುಗಿಯೊಬ್ಬಳು ತನ್ನ ಇಡೀ ಪಿಸ್ತೂಲನ್ನೇ ಕೈಗಿಟ್ಟಳು. "ನನ್ನದು ಮುಗಿಯಿತು ದೀದಿ, ಇದರಲ್ಲೇ ಹೊಡೀರಿ." ಆದರೆ ಅದರ ಹಿಡಿಯನ್ನು ಎಡಗೈಗೆ ಕೊರೆಸಿದ್ದರು. ಭತೇರಿ ಬಲಗೈಯವಳು.

ಹತ್ತೂವರೆ!

ಅವಳು ಕಂಬಕ್ಕೆ ಒರಗಿ ಕುಸಿದಳು. ಕೈಯಲ್ಲಿ ಆಯಸ್ಸು ಮುಗಿದ ಸಿಲಿಂಡರ್ ಹಾಗೇ ಇತ್ತು. ದಿನಾ ಹನ್ನೆರಡು ಜನ ಅದನ್ನು ಒರೆಸುತ್ತಿದ್ದರು, ತುಂಬಿಸುತ್ತಿದ್ದರು, ಮುತ್ತಿಡುವುದೊಂದು ಬಾಕಿ. ಅದರ ತಾರೀಕು ಮಾತ್ರ ಯಾರೂ ಓದಿರಲಿಲ್ಲ. ಎಲ್ಲರದ್ದೂ ಆದ ವಸ್ತುವಿನ ಪಾಡು ಅಷ್ಟೇ.

"ಬಾಪೂ... ಮುಗೀತು ಬಾಪೂ. ಮನೆಗೆ ಹೋಗೋಣ."

ಬಲಜೋರ್ ಅವಳ ಎದುರು ಕುಕ್ಕರುಗಾಲಲ್ಲಿ ಕೂತರು.

"ಲಾಡೋ, ನನ್ನ ಮುದ್ದು, ಲೋಕೇಂದ್ರನ ಹತ್ರ ತಗೋ."

"ಅವನ ಹೆಸರು ಹೇಳಬೇಡಿ! ನನ್ನ ಬಾಳು ಹಾಳು ಮಾಡಿದವನು ಅವನು!"

"ಅವನಲ್ಲ ಮಗಳೇ..."

"ಎಲ್ಲರ ಮುಂದೆ ಅವನೇ ಒಪ್ಕೊಂಡಿದ್ದಾನೆ ಬಾಪೂ!"

"ಅವನಲ್ಲ!" ಬಲಜೋರ್ ದನಿ ಒಡೆಯಿತು. "ಸ್ಕ್ರೂ ತಿರುಗಿಸಿದ್ದು ನಾನು."

ಭತೇರಿ ಕಣ್ಣು ಮಿಟುಕಿಸಲಿಲ್ಲ.

"ಆಗ ನಿನಗೆ ಜ್ವರ ಬಿಟ್ಟು ನಾಲ್ಕೇ ದಿನ ಆಗಿತ್ತು. 'ಟ್ರಿಗರ್ ಭಾರ ಬಾಪೂ, ಬೆರಳು ಸೋಲುತ್ತೆ' ಅಂತ ಅಂದಿದ್ದೆ ನೀನು. ನೀನು ಊಟಕ್ಕೆ ಹೋದಾಗ ಪಿಸ್ತೂಲಿನ ಪೆಟ್ಟಿಗೆ ನನ್ನ ಹತ್ರ ಇತ್ತಲ್ಲ... ಇಡೀ ಜನ್ಮ ಯಂತ್ರದ ಸ್ಕ್ರೂ ತಿರುಗಿಸಿದ ಕೈ ಇದು. ಮಗಳಿಗೆ ಹಗುರ ಆಗಲಿ ಅಂತ ಕಾಲು ಸುತ್ತು ತಿರುಗಿಸಿಬಿಟ್ಟೆ. ಅದಕ್ಕೊಂದು ತೂಕ ಇರುತ್ತೆ, ಅದನ್ನ ಅಳೀತಾರೆ ಅಂತ ನನಗೇನು ಗೊತ್ತು ಲಾಡೋ..."

"ಮತ್ತೆ... ಅವನು?"

"ನಾನು ಸ್ಕ್ರೂಡ್ರೈವರ್ ಜೇಬಿಗೆ ಹಾಕೋದನ್ನ ನೋಡಿದ್ದ. ನಿನ್ನ ಹೆಸರು ಹೊಡೆದುಹಾಕಿದಾಗ ಅವನಿಗೆ ಎಲ್ಲ ಅರ್ಥ ಆಯ್ತು. ಬಂದು ನನ್ನ ಕೈ ಹಿಡ್ಕೊಂಡ. 'ಚಾಚಾ, ಬಾಯಿಬಿಡಬೇಡಿ. ನಿಮ್ಮಿಂದ ಹೀಗಾಯ್ತು ಅಂತ ದೊಡ್ಡಪ್ಪನಿಗೆ ಗೊತ್ತಾದರೆ ಅವಳನ್ನ ನಿಮ್ಮ ಜೊತೆ ಇನ್ನೊಂದು ಪಂದ್ಯಕ್ಕೆ ಕಳಿಸಲ್ಲ. ನಾನಿಲ್ಲದಿದ್ದರೂ ಅವಳು ಹೊಡೀತಾಳೆ, ನೀವಿಲ್ಲದಿದ್ದರೆ ಊರು ದಾಟೋಕೇ ಆಗಲ್ಲ' ಅಂದ. ನಾನು ಹೇಡಿ ಮಗಳೇ. ಸುಮ್ಮನಿದ್ದುಬಿಟ್ಟೆ. ಹನ್ನೊಂದು ತಿಂಗಳು ತಿಂದ ಅನ್ನ ಮೈಗೆ ಹತ್ತಲಿಲ್ಲ..."

ಭತೇರಿ ಅಪ್ಪನ ಒರಟು ಕೈಗಳನ್ನು ನೋಡಿದಳು. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

*ಒಂದು ವರ್ಷ! ಅವನು ಪಿಸ್ತೂಲು ಮುಟ್ಟದೆ ಇದ್ದ... ನಾನೋ, ಎಂಥೆಂಥಾ ಮಾತಾಡಿದೆ! ಈಗಷ್ಟೇ, ಎಲ್ಲರ ಮುಂದೆ... ಭಿಕ್ಷೆ ಅಂದೆ!*

ಎದ್ದು ನಡೆದಳು. ಲೋಕೇಂದ್ರ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಸಿಲಿಂಡರ್ ಇನ್ನೂ ಕೈಯಲ್ಲೇ ಇತ್ತು, ಅವಳು ಬಂದೇ ಬರುತ್ತಾಳೆ ಎಂದು ಗೊತ್ತಿದ್ದವನ ಹಾಗೆ.

"ಬಾಪೂ ಹೇಳಿದರು," ಎಂದಳು. ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಅಳೋದು ಆಮೇಲೆ. ಕಣ್ಣು ಒದ್ದೆಯಾದರೆ ಗುರಿ ಕಾಣಲ್ಲ."

"ನಿನ್ನ ಪಂದ್ಯ?"

"ನನ್ನ ಸರದಿ ಮೂರು ಗಂಟೆಗೆ." ಅವಳ ಕಣ್ಣನ್ನು ನೋಡದೆ ಹೇಳಿದ. "ಆಟ ಬಿಟ್ಟ ಮೀರತ್‌ನ ಡಾಕ್ಟರೊಬ್ಬರು ಪಿಸ್ತೂಲು ಕೊಟ್ಟಿದ್ದಾರೆ. ನಿನ್ನದು ಮುಗಿಸಿ ವಾಪಸ್ ಕೊಡು. ಎರಡನೇ ನಿಯಮ ನೆನಪಿದೆ ತಾನೇ?"

"ಖಾಲಿ ಕೊಡಬಾರದು."

"ಹಾಂ. ಹೋಗು ಈಗ, ಓಡು!"

*

ಹನ್ನೊಂದು ಗಂಟೆ. ಹಾಲ್‌ನ ಎಡಭಾಗದಲ್ಲಿ ಹೆಂಗಸರು, ಬಲಭಾಗದಲ್ಲಿ ಗಂಡಸರು. ಲೇನ್ ಹನ್ನೆರಡರಲ್ಲಿ ಭತೇರಿ ನಿಂತಳು. ಮೊದಲ ಹದಿನೈದು ನಿಮಿಷ ಕೈ ಹದಮಾಡಿಕೊಳ್ಳಲು, ಆಮೇಲೆ ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಗುಂಡು.

ಕೈ ಹದಕ್ಕೆ ಬರುತ್ತಿತ್ತು. ಉಸಿರು ಕೆಳಗಿಳಿಯುತ್ತಿತ್ತು. ಆಗ ಧ್ವನಿವರ್ಧಕ ಗರಗರ ಎಂದಿತು.

"ಪುರುಷರ ವಿಭಾಗ. ಲೇನ್ ನಲವತ್ತಾರು, ಲೋಕೇಂದ್ರ ಸಿಂಗ್ ಹಾಜರಿಲ್ಲ. ತಡವಾಗಿ ಬಂದರೆ ಹೆಚ್ಚಿನ ಸಮಯ ಕೊಡಲಾಗುವುದಿಲ್ಲ."

ಭತೇರಿಯ ತೋಳು ಅರ್ಧಕ್ಕೇ ನಿಂತಿತು.

ಮೂರು ಗಂಟೆ ಅಂದಿದ್ದ!

ತಿರುಗಿ ನೋಡಿದಳು. ಗಾಜಿನ ಆಚೆ ನೋಡುಗರ ಸಾಲಿನಲ್ಲಿ ಬಾಪೂ, ಅವರ ಪಕ್ಕದಲ್ಲಿ ಅವನು. ತೊಡೆಯ ಮೇಲೆ ಮುಚ್ಚಿದ ಪಿಸ್ತೂಲಿನ ಪೆಟ್ಟಿಗೆ. ಅವಳು ನೋಡಿದ್ದನ್ನು ಕಂಡು ನಕ್ಕ, 'ಮುಂದೆ ನೋಡು' ಎಂದು ಬೆರಳು ತೋರಿಸಿದ. ನಗು ಕಣ್ಣಿಗೆ ಮುಟ್ಟಿರಲಿಲ್ಲ.

*ಸುಳ್ಳುಗಾರ! ಇನ್ನೊಂದು ಸಲ... ಇನ್ನೊಂದು ಸಲ ನನಗೋಸ್ಕರ ನಿನ್ನ ಪಾಳಿ ಬಿಟ್ಟುಕೊಟ್ಟೆಯಾ?*

ಪಿಸ್ತೂಲು ಕೆಳಗಿಟ್ಟು ಹೋಗಿಬಿಡಲೇ? ಆದರೆ ಭಾನುವಾರ... ದೊಡ್ಡಪ್ಪ... ಯಾರದೋ ಮನೆಯ ಒಲೆಯ ಮುಂದೆ ಕೂತು ಇಡೀ ಜನ್ಮ... ಇಲ್ಲ, ಅದೂ ಆಗದು. ಅವನು ಹೀಗೆ ಕೂತಿರುವುದನ್ನು ನೋಡುವುದೂ ಆಗದು.

"ತಡವಾಗಿ ಬಂದರೆ ಹೆಚ್ಚಿನ ಸಮಯ ಇಲ್ಲ." ಹಾಗಾದರೆ ತಡವಾಗಿ ಬರಬಹುದು! ಉಳಿದ ಸಮಯ ಅವನದೇ!

ಅರ್ಧ ಗಂಟೆ ಪಾಳಿ. ಆರು ವರ್ಷ ಅವಳು ಹೊಡೆದದ್ದು ಹಾಗೆಯೇ ಅಲ್ಲವೇ? ಅರ್ಧ ಗಂಟೆಗೆ ಅರವತ್ತು ಗುಂಡು, ಯಾಕೆಂದರೆ ಹಿಂದೆ ಯಾವಾಗಲೂ ಒಬ್ಬ ಕಾಯುತ್ತಿದ್ದ. ನಿಧಾನವಾಗಿ ಹೊಡೆಯುವುದನ್ನು ಅವಳು ಕಲಿತದ್ದು ಈ ಒಂದು ವರ್ಷದಲ್ಲಿ, ಹಿಂದೆ ಯಾರೂ ಇಲ್ಲದಾದ ಮೇಲೆ.

"ಆರಂಭ!"

ಭತೇರಿ ತೋಳೆತ್ತಿದಳು. ಹತ್ತು! ಕೂಡಲೇ ಮತ್ತೆ ತುಂಬಿದಳು. ಒಂಬತ್ತು. ಮತ್ತೆ ಹತ್ತು. ಪಕ್ಕದ ಲೇನಿನವಳು ಮೂರನೇ ಗುಂಡಿನಲ್ಲಿದ್ದಾಗ ಇವಳದು ಎಂಟನೆಯದು ಹೋಗಿತ್ತು. ಹುಚ್ಚಿ ಎಂದುಕೊಂಡಿರಬೇಕು ಅವಳು.

ತೊಂಬತ್ತೈದು. ತೊಂಬತ್ತನಾಲ್ಕು. ತೊಂಬತ್ತಾರು.

ನಾಲ್ಕನೇ ಹತ್ತಕ್ಕೆ ತೋಳು ಉರಿಯತೊಡಗಿತು. ಭುಜದ ನರ ಎಳೆದಂತಾಗಿ ಗುರಿ ಅಲುಗಾಡಿತು. ತೊಂಬತ್ತೆರಡು. *ಅಯ್ಯೋ... ಬೇಡ, ಲೆಕ್ಕ ಹಾಕಬೇಡ!* ಬೆವರು ಹುಬ್ಬಿನಿಂದ ಇಳಿಯಿತು, ಒರೆಸಿಕೊಳ್ಳಲಿಲ್ಲ. ತೊಂಬತ್ತಮೂರು.

ಕೊನೆಯ ಹತ್ತು. ಒಂಬತ್ತು ಗುಂಡು ಹೋದವು. ಇನ್ನೊಂದೇ ಉಳಿಯಿತು. ಪರದೆಯ ಮೇಲೆ ಒಟ್ಟು ಐನೂರ ಐವತ್ತೈದು.

ಹತ್ತು ಬಿದ್ದರೆ ಅರವತ್ತೈದು!

ಗಡಿಯಾರ ನೋಡಿದಳು. ಮೂವತ್ತಾರು ನಿಮಿಷ ಕಳೆದಿತ್ತು. ತೋಳು ಒಲೆಯಿಂದ ತೆಗೆದ ಕೊಳ್ಳಿಯಂತೆ ಉರಿಯುತ್ತಿತ್ತು. ಮೂರು ನಿಮಿಷ ಕೂತು, ನೀರು ಕುಡಿದು, ಉಸಿರು ಸರಿಮಾಡಿಕೊಂಡು ಹೊಡೆದರೆ ಹತ್ತು ಖಂಡಿತ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಆದರೆ ಆ ಮೂರು ನಿಮಿಷ ಅವಳದಾಗಿರಲಿಲ್ಲ. ಹಿಂದೆ ಒಬ್ಬ ಕಾಯುತ್ತಿದ್ದ.

ತೋಳೆತ್ತಿದಳು. ಹೊಡೆದಳು.

ಒಂಬತ್ತು. ಹತ್ತರ ಗೆರೆಗೆ ಕೂದಲೆಳೆಯಷ್ಟು ಹೊರಗೆ.

ಐನೂರ ಅರವತ್ತನಾಲ್ಕು.

ಅಳಲು ಅವಳಿಗೆ ಸಮಯವಿರಲಿಲ್ಲ. ಪಿಸ್ತೂಲಿಗೆ ಕಿತ್ತಳೆ ಬಣ್ಣದ ಸುರಕ್ಷೆಯ ದಾರ ತೂರಿಸಿ, ಅಧಿಕಾರಿಗೆ ಕೈಯೆತ್ತಿ ತೋರಿಸಿ, ಸಿಲಿಂಡರ್ ತಿರುಚಿ ಬಿಚ್ಚಿಕೊಂಡಳು. ರೇಂಜಿನಲ್ಲಿ ಓಡುವಂತಿಲ್ಲ. ಅವಳ ನಡಿಗೆ ಓಟಕ್ಕಿಂತ ಏನೂ ಕಡಿಮೆ ಇರಲಿಲ್ಲ.

"ಏಳು!"

ಲೋಕೇಂದ್ರ ಮುಖ ಕಳೆಗುಂದಿ ಪರದೆಯನ್ನೇ ನೋಡುತ್ತಿದ್ದ. "ಭತೇರಿ... ಏನು ಮಾಡಿಕೊಂಡೆ ನೀನು? ಒಂದೇ ಒಂದು ಅಂಕ..."

"ಲೇನ್ ನಲವತ್ತಾರು. ಮೂವತ್ತೆಂಟು ನಿಮಿಷ ಇದೆ. ಏಳು ಅಂದೆ!"

"ನನಗೆ ಬೇಡ. ಈಗ ಹೇಗೆ ಹೊಡೀಲಿ ನಾನು?"

"ಹೊಡೀದಿದ್ದರೆ ನನ್ನ ಆ ಒಂದು ಅಂಕ ಸುಮ್ಮನೆ ಹೋಯ್ತು ಅಂತಾಗುತ್ತೆ!" ಅವನ ಅಂಗೈಯೊಳಗೆ ಸಿಲಿಂಡರ್ ಇಟ್ಟು ಬೆರಳುಗಳನ್ನು ಮಡಚಿದಳು. "ಹೋಗೋ. ಗುಂಡಿಗೆ ಪೂಜೆ ಮಾಡ್ತಾ ಕೂರಬೇಡ."

ಅವನು ಎದ್ದ.

"ಒಂದು ಸೆಕೆಂಡೂ ಹೆಚ್ಚಿಗೆ ಸಿಗಲ್ಲ," ಎಂದರು ಅಧಿಕಾರಿ. "ಬೇಡ ಸರ್," ಎಂದ ಲೋಕೇಂದ್ರ.

ಒಂದು ವರ್ಷ ಅವನು ಮನೆಯ ಮಾಳಿಗೆಯಲ್ಲಿ ಇಟ್ಟಿಗೆ ಹಿಡಿದು ತೋಳು ಚಾಚಿ ನಿಂತಿದ್ದ ಎಂದು ಬಾಪೂ ಅವಳ ಕಿವಿಯಲ್ಲಿ ಹೇಳಿದರು. ಆ ತೋಳು ಈಗ ಅಲುಗಲಿಲ್ಲ. ಹೇಗೂ ಅವನಿಗೂ ಅರ್ಧ ಗಂಟೆಯ ಪಾಳಿಯೇ ಅಭ್ಯಾಸ. ಭತೇರಿ ಗಾಜಿಗೆ ಹಣೆಯೊತ್ತಿ ಒಂದೊಂದು ಗುಂಡನ್ನೂ ತಾನೇ ಹೊಡೆಯುತ್ತಿರುವಂತೆ ಉಸಿರು ಹಿಡಿದಳು. ಹನ್ನೊಂದು ಸೆಕೆಂಡು ಬಾಕಿ ಇರುವಾಗ ಅರವತ್ತನೆಯದು ಹೋಯಿತು.

ಐನೂರ ಎಪ್ಪತ್ತಮೂರು! ಶಿಬಿರಕ್ಕೆ ಗಂಡಸರಿಗೆ ಬೇಕಾದದ್ದು ಐನೂರ ಎಪ್ಪತ್ತು.

ಆಗ ಅವಳಿಗೆ ಅಳು ಬಂತು, ತಡೆಯಲಾರದ ಅಳು. ಸಂತೋಷವೂ ಸಂಕಟವೂ ಒಟ್ಟಿಗೇ ಬಂದಿದ್ದವು. ಭಾನುವಾರ ನಾಡಿದ್ದೇ ಇತ್ತು.

ಬಾಪೂ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ದೊಡ್ಡಪ್ಪ! ಬಲಜೋರ್ ಅದನ್ನು ನೋಡಿದರು, ಮಗಳನ್ನು ನೋಡಿದರು. ಭತೇರಿ ಕಣ್ಣು ಮುಚ್ಚಿಕೊಂಡಳು. ಮುಂದೆ ಬರುವ ಮಾತು ಅವಳಿಗೆ ಗೊತ್ತಿತ್ತು. 'ಆಯ್ತು ಅಣ್ಣಾ. ನೀನು ಹೇಳಿದ ಹಾಗೆ ಅಣ್ಣಾ.' ಹುಟ್ಟಿದಾಗಿನಿಂದ ಕೇಳುತ್ತಾ ಬಂದ ಮಾತು.

"ಎಷ್ಟು ಬಂತು?" ಫೋನಿನ ಗಡಸು ದನಿ ಆಚೆಗೂ ಕೇಳಿಸಿತು.

"ಅರವತ್ತನಾಲ್ಕು ಅಣ್ಣಾ."

"ಸರಿ. ಭಾನುವಾರ ಹತ್ತು ಗಂಟೆಗೆ ಅವರು..."

"ಭಾನುವಾರ ಯಾರೂ ಬರೋದು ಬೇಡ ಅಣ್ಣಾ."

ಭತೇರಿ ಕಣ್ಣು ಬಿಟ್ಟಳು.

"ಏನಂದೆ? ಮಾತು ಕೊಟ್ಟಿದ್ದೆ ನೀನು!"

"ಕೊಟ್ಟಿದ್ದೆ. ಮುರೀತಾ ಇದ್ದೀನಿ." ಬಲಜೋರ್ ಫೋನನ್ನು ಕಿವಿಗೆ ಒತ್ತಿಹಿಡಿದರು. "ಹೋದ ವರ್ಷ ಅವಳ ಐನೂರ ಎಪ್ಪತ್ತೆರಡನ್ನ ನುಂಗಿದವನು ನಾನೇ. ಸ್ಕ್ರೂ ತಿರುಗಿಸಿದ್ದು ಈ ಕೈ. ಅದರ ಮುಂದೆ ಈ ಒಂದು ಅಂಕ ಯಾವ ಲೆಕ್ಕ? ನನ್ನ ಮಗಳು ಇನ್ನೂ ಹೊಡೀತಾಳೆ. ಊರಿಗೆ ಬಂದ ಮೇಲೆ ಬೈಯೋದಿದ್ದರೆ ನನ್ನನ್ನ ಬೈ. ಉಸ್ತಾದ್‌ಜಿ ಮುಂದೆಯೂ ಹೇಳ್ತೀನಿ, ಪೆಟ್ಟಿಗೆ ಮುಟ್ಟಬಾರದವನು ನಾನು, ಆ ಹುಡುಗ ಅಲ್ಲ ಅಂತ."

ಫೋನು ಇಟ್ಟ ಮೇಲೆ ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಭತೇರಿ ಅವರ ಮಂಡಿಗೆ ತಲೆಯಿಟ್ಟಳು. ಅವರು ಅವಳ ಕೂದಲ ಮೇಲೆ ಕೈಯಾಡಿಸಿದರು.

"ಸಾಕು ಸಾಕು. ಎದ್ದು ಹೋಗು. ಸಿಲಿಂಡರ್ ಖಾಲಿ ಕೊಟ್ಟಿದ್ದೀಯಂತೆ, ಅವನು ದೂರು ಹೇಳ್ತಾ ಇದ್ದಾನೆ."

*

ಹಾಲ್‌ನ ಹಿಂದೆ ಗಾಳಿ ತುಂಬಿಸುವ ಯಂತ್ರದ ಹತ್ತಿರ ಲೋಕೇಂದ್ರ ನಿಂತಿದ್ದ. ಅವಳು ಬಂದು ಅವನ ಕೈಯಿಂದ ಸಿಲಿಂಡರ್ ಕಿತ್ತುಕೊಂಡು ಯಂತ್ರಕ್ಕೆ ಸಿಕ್ಕಿಸಿದಳು.

"ಪಂದ್ಯ ಮುಗೀತಲ್ಲ, ಈಗ ಯಾಕೆ?"

"ನಿಯಮ ನಿಯಮವೇ." ಮುಳ್ಳು ಮೇಲೇರುವುದನ್ನೇ ನೋಡುತ್ತಾ ಹೇಳಿದಳು. "ಲೋಕೇಂದ್ರ, ಭಿಕ್ಷೆ ಅಂದುಬಿಟ್ಟೆ ನಾನು..."

"ಅಂದೆ. ಹನ್ನೊಂದು ತಿಂಗಳು ನನ್ನ ಮುಖಾನೂ ನೋಡಲಿಲ್ಲ."

"ಯಾರು ಹೇಳಿದ್ದು? ದಿನಾ ನೋಡ್ತಿದ್ದೆ. ಗುರಿಕಾಗದದ ಮೇಲೆ ನಿನ್ನ ಮುಖ ಇದೆ ಅಂದ್ಕೊಂಡೇ ಹೊಡೀತಿದ್ದೆ."

"ಎಷ್ಟು ಹತ್ತು ಬಿತ್ತು?"

"ಒಂದೂ ಇಲ್ಲ. ಕೈ ಬರ್ತಿರಲಿಲ್ಲ."

ಅವನು ನಕ್ಕ. ಈ ಸಲ ನಗು ಕಣ್ಣಿಗೂ ಮುಟ್ಟಿತು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಹೇಳಿದ.

"ಅಪ್ಪನ್ನ ಕರ್ಕೊಂಡು ಬರಲಾ? ಭಾನುವಾರ ನಿಮ್ಮ ಮನೆಗೆ ಬೇರೆ ಯಾರೂ ಬರಲ್ಲವಂತೆ."

"ದೊಡ್ಡಪ್ಪ ಕೋಲು ಹಿಡ್ಕೊಂಡು ಬಾಗಿಲಲ್ಲೇ ಕೂತಿರ್ತಾನೆ."

"ಇರಲಿ. ನೀನು ಹೂಂ ಅಂತೀಯಾ ಇಲ್ವಾ, ಅದು ಹೇಳು."

ಭತೇರಿ ತುಂಬಿದ ಸಿಲಿಂಡರನ್ನು ಅವನ ಕೈಗಿಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೇರೆ ಕಡೆ ನೋಡಲಿಲ್ಲ.

"ಹೂಂ," ಎಂದಳು. "ಆದರೆ ಮುಂದೆಯೂ ಇಬ್ಬರಿಗೂ ಒಂದೇ ಹೊತ್ತಿಗೆ ಸರದಿ ಬಂದರೆ?"

"ಮೊದಲು ನೀನು. ನಾನು ಹಿಂದೆ ನಿಂತಿರ್ತೀನಿ."

"ಬೇಗ ಹೊಡಿಯೇ ಅಂತ ಕಾಡಲ್ಲ ತಾನೇ?"

"ಕಾಡ್ತೀನಿ. ಆದರೆ ನೀನು ಆ ಮೂರು ನಿಮಿಷ ಕೂತು, ನೀರು ಕುಡಿದು ಹೊಡಿ. ನಾನು ಕಾಯ್ತೀನಿ."